ಎರಡನೆಯ ವಸಂತದಲ್ಲಿ ಹೂವಿಲ್ಲ, ಎಲೆ ಮಾತ್ರ: ಕುಳ್ಳ ಗಡ್ಡೆ ಐರಿಸ್‌ಗಳ ಬಗ್ಗೆ ಒಂದು ಪ್ರಶ್ನೆ

ಹೊಸಪಾತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದ ಹಿಂದೆ, ಶರತ್ಕಾಲದಲ್ಲಿ, ಮೂರು ಬಗೆಯ ಕುಳ್ಳ ಐರಿಸ್ ಗಡ್ಡೆಗಳನ್ನು ತಂದು ನೆಟ್ಟಿದ್ದೆ. ನೀಲಿ ಹೂವಿನ ‘ಹಾರ್ಮನಿ’ ತಳಿಯ ಇಪ್ಪತ್ತೈದು ಗಡ್ಡೆಗಳು ಮತ್ತು ಹಳದಿ ಹೂವಿನ ಐರಿಸ್ ಡ್ಯಾನ್‌ಫೋರ್ಡಿಯೆಯ ಇಪ್ಪತ್ತು ಗಡ್ಡೆಗಳು ಪಾತಿಯಲ್ಲಿವೆ. ಕೆನ್ನೇರಳೆ ಬಣ್ಣದ ‘ಜೆ. ಎಸ್. ಡೈಟ್’ ತಳಿಯ ಹತ್ತು ಗಡ್ಡೆಗಳನ್ನು ಕುಂಡದಲ್ಲಿ ನೆಟ್ಟಿದ್ದೇನೆ. ಹೋದ ವರ್ಷ ಚಳಿಗಾಲ ಇನ್ನೂ ಪೂರ್ತಿ ಸರಿಯುವ ಮೊದಲೇ, ಉಳಿದ ಗಿಡಗಳೆಲ್ಲ ಮಲಗಿರುವಾಗ, ಒಂದು ಗೇಣಿಗಿಂತಲೂ ಕಡಿಮೆ ಎತ್ತರದಲ್ಲಿ ಇವು ಒಟ್ಟಿಗೇ ಅರಳಿ ನಿಂತದ್ದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈ ವರ್ಷದ ಕಥೆಯೇ ಬೇರೆ. ‘ಹಾರ್ಮನಿ’ಯಲ್ಲಿ ನಾಲ್ಕು ಹೂವುಗಳು ಬಂದವು. ಹಳದಿ ಐರಿಸ್‌ನಲ್ಲಿ ಒಂದೂ ಇಲ್ಲ; ಅದರ ಜಾಗದಲ್ಲಿ ಹುಲ್ಲಿನ ಹಾಗೆ ಸಣ್ಣ ಸಣ್ಣ ಎಲೆಗಳು ದಟ್ಟವಾಗಿ ಎದ್ದಿವೆ. ಕುಂಡದಲ್ಲಿ ಮಾತ್ರ ಆರು ಹೂವುಗಳು ಅರಳಿದವು. ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಗಡ್ಡೆಗಳನ್ನು ಸುಮಾರು 6 ಸೆಂ.ಮೀ. ಆಳಕ್ಕೆ ನೆಟ್ಟಿದ್ದೆ. ಹೋದ ವರ್ಷ ಹೂ ಮುಗಿದ ಮೂರು ವಾರಕ್ಕೆ, ಉದ್ದುದ್ದ ಬೆಳೆದು ನೆಲಕ್ಕೆ ಒರಗಿದ ಎಲೆಗಳು ಚೆನ್ನಾಗಿ ಕಾಣಲಿಲ್ಲವೆಂದು ಪಾತಿಯಲ್ಲಿದ್ದವನ್ನೆಲ್ಲ ಕತ್ತರಿಸಿ ಹಾಕಿದೆ. ಅದೇ ಪಾತಿಯಲ್ಲಿ ಬೇಸಿಗೆಯ ಹೂಗಿಡಗಳನ್ನು ನೆಟ್ಟು ದಿನವೂ ನೀರು ಹಾಕಿದೆ. ಇವುಗಳಲ್ಲಿ ಯಾವುದು ತಪ್ಪು? ಅಥವಾ ಈ ಐರಿಸ್‌ಗಳು ಒಂದೇ ವರ್ಷದ ಹೂವುಗಳೆಂದು ತಿಳಿದು ಪ್ರತಿ ಶರತ್ಕಾಲದಲ್ಲೂ ಹೊಸದಾಗಿ ಕೊಳ್ಳಬೇಕೇ? ಈಗ ಎಲೆಗಳು ಇನ್ನೂ ಹಸಿರಾಗಿಯೇ ಇವೆ. ತಿಳಿದವರು ದಯವಿಟ್ಟು ಹೇಳಿ.

ಗಡ್ಡೆಗಂಟು (ಉತ್ತರ)

ನೀವು ಕೇಳಿದ ಪ್ರಶ್ನೆಯಲ್ಲಿಯೇ ಉತ್ತರದ ಮುಕ್ಕಾಲು ಭಾಗ ಇದೆ. ಎಲೆ ಕತ್ತರಿಸಿದ್ದೇ ದೊಡ್ಡ ತಪ್ಪು. ಉಳಿದೆರಡು ಅದಕ್ಕೆ ಜೊತೆಯಾದವು. ಅದು ಏಕೆ ತಪ್ಪು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಗಡ್ಡೆಯ ಬಾಳುವೆ ತಿಳಿಯದೆ ಕೇವಲ ನಿಯಮಗಳನ್ನು ಪಾಲಿಸುತ್ತಾ ಹೋದರೆ ಮುಂದಿನ ವರ್ಷ ಬೇರೊಂದು ಕಡೆ ಎಡವುತ್ತೇವೆ.

ಐರಿಸ್ ರೆಟಿಕ್ಯುಲೇಟ ಮತ್ತು ಅದರ ಬಳಗದ (ನೀವು ನೆಟ್ಟ ಮೂರೂ ಈ ಬಳಗದವೇ) ಗಡ್ಡೆ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಾ ಹೋಗುವ ಗಡ್ಡೆಯಲ್ಲ. ಪ್ರತಿ ವರ್ಷವೂ ಹಳೆಯ ಗಡ್ಡೆ ತನ್ನಲ್ಲಿದ್ದುದನ್ನೆಲ್ಲ ಹೂವಿಗೂ ಎಲೆಗೂ ಕೊಟ್ಟು ಬರಿದಾಗುತ್ತದೆ; ಅದರ ಜಾಗದಲ್ಲಿ, ಅದೇ ಸಿಪ್ಪೆಗಳ ನಡುವೆ, ಹೊಸ ಗಡ್ಡೆಯೊಂದು ಕಟ್ಟಿಕೊಳ್ಳುತ್ತದೆ, ಪಕ್ಕದಲ್ಲಿ ಕೆಲವು ಮರಿಗಡ್ಡೆಗಳೂ ಹುಟ್ಟುತ್ತವೆ. ಆದ್ದರಿಂದ ನೀವು ಈ ವರ್ಷ ನೋಡುತ್ತಿರುವುದು ನೀವು ನೆಟ್ಟ ಗಡ್ಡೆಗಳನ್ನಲ್ಲ, ಅವುಗಳ ಸಂತಾನವನ್ನು. ಮೊದಲ ವರ್ಷದ ಹೂವಿನ ಶ್ರೇಯಸ್ಸು ನಮ್ಮದಲ್ಲ. ನಾವು ಕೊಳ್ಳುವ ಹೊತ್ತಿಗೆ ಮೊಗ್ಗು ಗಡ್ಡೆಯೊಳಗೆ ಆಗಲೇ ರೂಪುಗೊಂಡಿರುತ್ತದೆ, ಹಾಗಾಗಿ ಅದು ಬೆಳೆಗಾರರ ಹೊಲದ ದುಡಿಮೆಯ ಫಲ. ಎರಡನೆಯ ವರ್ಷದ ಹೂವು ಮಾತ್ರ ನಮ್ಮ ತೋಟದ್ದು.

ಹೊಸ ಗಡ್ಡೆ ತುಂಬಿಕೊಳ್ಳಲು ಇರುವ ಕಾಲ ಬಹಳ ಕಡಿಮೆ. ಹೂ ಬಾಡಿದ ಮೇಲೆ ಎಲೆಗಳು ಬೆಳೆದು 30 ರಿಂದ 40 ಸೆಂ.ಮೀ. ಉದ್ದವಾಗುತ್ತವೆ, ಆರೆಂಟು ವಾರ ಹಸಿರಾಗಿದ್ದು ತಾವಾಗಿಯೇ ಹಳದಿಯಾಗಿ ಒಣಗುತ್ತವೆ. ಹೊಸ ಗಡ್ಡೆಯ ಆಹಾರವೆಲ್ಲ ಆ ವಾರಗಳಲ್ಲಿ ಆ ಎಲೆಗಳಲ್ಲಿಯೇ ತಯಾರಾಗಬೇಕು. ನೀವು ಮೂರನೆಯ ವಾರಕ್ಕೇ ಎಲೆ ಕತ್ತರಿಸಿದ್ದರಿಂದ ಅರ್ಧ ತುಂಬಿದ ಗಡ್ಡೆಗಳು ಹಾಗೆಯೇ ನಿದ್ರೆಗೆ ಹೋದವು. ಸುತ್ತಳತೆ ಸುಮಾರು 5 ಸೆಂ.ಮೀ. ಮುಟ್ಟದ ಗಡ್ಡೆಯಿಂದ ಹೂವನ್ನು ನಿರೀಕ್ಷಿಸುವಂತಿಲ್ಲ. ಇದನ್ನು ಅಗೆಯದೆಯೇ ತಿಳಿಯುವ ಉಪಾಯವೊಂದಿದೆ: ಸಣ್ಣ ಗಡ್ಡೆ ಸಾಮಾನ್ಯವಾಗಿ ಒಂಟಿ ಎಲೆಯನ್ನು ಮೇಲೆ ಕಳಿಸುತ್ತದೆ, ಹೂ ಬಿಡುವಷ್ಟು ದೊಡ್ಡ ಗಡ್ಡೆ ಎರಡನ್ನು. ನಿಮ್ಮ ಪಾತಿಯಲ್ಲಿ ಕುಳಿತು ಎಣಿಸಿ ನೋಡಿ.

ಈಗ ಮಾಡಬೇಕಾದದ್ದು ಇಷ್ಟೇ. ಎಲೆಗಳನ್ನು ಮುಟ್ಟಬೇಡಿ, ಗಂಟು ಹಾಕಬೇಡಿ, ಹೆಣೆಯಬೇಡಿ. ಅವು ಹಸಿರಾಗಿರುವವರೆಗೆ ಮಣ್ಣು ಒಣಗದಂತೆ ನೀರು ಕೊಡಿ. ಎರಡು ವಾರಕ್ಕೊಮ್ಮೆ, ಟೊಮ್ಯಾಟೊ ಗಿಡಗಳಿಗೆ ಹಾಕುವಂತಹ, ಪೊಟ್ಯಾಷ್ ಹೆಚ್ಚಿರುವ ದ್ರವಗೊಬ್ಬರವನ್ನು ಅರ್ಧದಷ್ಟು ತೆಳುವಾಗಿಸಿ ಹಾಕಿ. ಸಾರಜನಕ ಹೆಚ್ಚಿರುವ ಗೊಬ್ಬರ ಬೇಡ. ಅದರಿಂದ ಎಲೆ ಮೆತ್ತಗಾಗುತ್ತದೆ, ಗಡ್ಡೆ ಕೊಳೆಯುವ ಸಂಭವ ಹೆಚ್ಚುತ್ತದೆ. ಎಲೆ ಹಳದಿಯಾಗತೊಡಗಿದ ಕೂಡಲೇ ನೀರು, ಗೊಬ್ಬರ ಎರಡನ್ನೂ ನಿಲ್ಲಿಸಿ. ಅಲ್ಲಿಯವರೆಗೆ ಗಡ್ಡೆಗಳನ್ನು ಅಗೆಯುವ ಆಸೆಯನ್ನು ತಡೆದುಕೊಳ್ಳಿ.

ಮರಳುಮಡಿ (ಉತ್ತರ)

ಎಲೆಯ ವಿಷಯದಲ್ಲಿ ಗಡ್ಡೆಗಂಟು ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಎಲೆ ಕತ್ತರಿಸದೆ ಇದ್ದಿದ್ದರೂ ಆ ಪಾತಿಯಲ್ಲಿ ಇವು ಬಹುಕಾಲ ಬಾಳುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣ, ಬೇಸಿಗೆಯ ನೀರು.

ಈ ಸಸ್ಯಗಳು ಹುಟ್ಟಿದ ನೆಲವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ತುರ್ಕಿ, ಕಾಕಸಸ್, ಇರಾಕ್ ಮತ್ತು ಇರಾನಿನ ಬೆಟ್ಟಗಳ ಕಲ್ಲು ಇಳಿಜಾರುಗಳಲ್ಲಿ, ಹಿಮ ಕರಗುವ ಹೊತ್ತಿಗೆ ಅದರ ಅಂಚಿನಲ್ಲೇ ಇವು ಅರಳುತ್ತವೆ. ಕರಗಿದ ಹಿಮದ ನೀರು ಬೇರಿನ ಬಳಿ ಹರಿದು ಹೋಗುತ್ತದೆ, ನಿಲ್ಲುವುದಿಲ್ಲ. ಬೇಸಿಗೆ ಬಂದರೆ ಅದೇ ಇಳಿಜಾರು ಕಾದು ಒಣಗುತ್ತದೆ, ಗಡ್ಡೆ ಬಿಸಿಮಣ್ಣಿನೊಳಗೆ ಒಣಗಿಕೊಂಡು ಮಲಗಿರುತ್ತದೆ. ಆ ಒಣ ನಿದ್ರೆಯ ಕಾಲದಲ್ಲಿಯೇ ಮುಂದಿನ ಮೊಗ್ಗು ಒಳಗೆ ರೂಪುಗೊಳ್ಳಬೇಕು. ರೆಟಿಕ್ಯುಲೇಟ ಎಂದರೆ ಬಲೆಯಂತಿರುವುದು ಎಂದು ಅರ್ಥ. ಗಡ್ಡೆಯನ್ನು ಸುತ್ತಿಕೊಂಡಿರುವ ನಾರಿನ ಸಿಪ್ಪೆ ಬಲೆ ಹೆಣೆದ ಹಾಗೆ ಇರುವುದರಿಂದ ಆ ಹೆಸರು. ನೀವು ದಿನವೂ ನೀರು ಹಾಕಿದ ಪಾತಿಯಲ್ಲಿ ಆ ನಾರಿನ ಸಿಪ್ಪೆ ಒದ್ದೆ ಬಟ್ಟೆಯಂತಾಗಿ, ಗಡ್ಡೆ ತಂಪಾಗಿಯೂ ಒದ್ದೆಯಾಗಿಯೂ ಇತ್ತು. ಕುಂಡದ ಗಡ್ಡೆಗಳ ಎಲೆಯನ್ನು ನೀವು ಕತ್ತರಿಸಲಿಲ್ಲ. ಕುಂಡಕ್ಕೆ ಬೇಸಿಗೆಯಲ್ಲಿ ನೀರನ್ನೂ ಹಾಕಿರಲಾರಿರಿ ಎಂದು ಊಹಿಸುತ್ತೇನೆ. ಹತ್ತರಲ್ಲಿ ಆರು ಅರಳಿದ್ದಕ್ಕೆ ಈ ಎರಡೂ ಕಾರಣಗಳಿವೆ.

ಆದ್ದರಿಂದ ಜಾಗವನ್ನೇ ಬದಲಾಯಿಸಿ. ದಿನದ ಬಹುಭಾಗ ಬಿಸಿಲು ಬೀಳುವ, ಬೇಸಿಗೆಯಲ್ಲಿ ನೀವು ಪೈಪು ಹಿಡಿದು ಹೋಗದ ಜಾಗ ಬೇಕು. ಮಣ್ಣು ಜೇಡಿಯಾಗಿದ್ದರೆ ಕೆಳಗೆ ಒಂದು ಪದರ ಮರಳು ಹಾಕಿದರೆ ಸಾಕೆಂದು ಕೆಲವರು ಹೇಳುತ್ತಾರೆ; ಅದರಿಂದ ಪ್ರಯೋಜನವಿಲ್ಲ. ಮೇಲಿನ ಜೇಡಿಮಣ್ಣು ಹಿಡಿದಿಟ್ಟ ನೀರು ಕೆಳಗಿನ ಮರಳಿಗೆ ಸುಲಭವಾಗಿ ಇಳಿಯುವುದಿಲ್ಲ. ಗಡ್ಡೆಯ ಮೇಲೂ ಕೆಳಗೂ ಇರುವ ಮಣ್ಣಿನಲ್ಲಿಯೇ ಮೂರರಲ್ಲಿ ಒಂದು ಪಾಲು ಸಣ್ಣ ಜಲ್ಲಿಯನ್ನೋ ದಪ್ಪ ಮರಳನ್ನೋ ಬೆರೆಸಬೇಕು, ಇಲ್ಲವೇ ಪಾತಿಯನ್ನೇ ನೆಲಮಟ್ಟದಿಂದ 15–20 ಸೆಂ.ಮೀ. ಎತ್ತರಿಸಬೇಕು. ಆಮ್ಲೀಯ ಮಣ್ಣಾದರೆ ಸ್ವಲ್ಪ ಸುಣ್ಣ ಬೆರೆಸುವುದು ಒಳ್ಳೆಯದು. ಇವುಗಳಿಗೆ ತಟಸ್ಥದಿಂದ ತುಸು ಕ್ಷಾರೀಯದವರೆಗಿನ ಮಣ್ಣು ಹಿತ.

ಆಳದ ಬಗ್ಗೆ: ‘ಹಾರ್ಮನಿ’ಯಂತಹ ತಳಿಗಳಿಗೆ 8 ರಿಂದ 10 ಸೆಂ.ಮೀ. ಸರಿ. ಹಳದಿ ಡ್ಯಾನ್‌ಫೋರ್ಡಿಯೆಯನ್ನು ನಾನು 15 ಸೆಂ.ಮೀ. ಆಳಕ್ಕೆ ನೆಡುತ್ತೇನೆ. ಕಡಿಮೆ ಆಳದಲ್ಲಿದ್ದರೆ ಅದು ಒಡೆದು ಚೂರುಚೂರಾಗುವುದು ಹೆಚ್ಚು. ನಿಮಗೆ ಹುಲ್ಲಿನಂತೆ ಕಂಡದ್ದು ಆ ಚೂರುಗಳ ಎಲೆಗಳೇ ಇರಬೇಕು.

ಹಳೆಯ ಮಾಲಿ (ಉತ್ತರ)

ಆಳವಾಗಿ ನೆಟ್ಟರೆ ಡ್ಯಾನ್‌ಫೋರ್ಡಿಯೆ ಒಡೆಯುವುದಿಲ್ಲ ಎಂಬ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ಹನ್ನೆರಡು ವರ್ಷಗಳಲ್ಲಿ ನಾಲ್ಕು ಬಾರಿ, 10 ಸೆಂ.ಮೀ., 15 ಸೆಂ.ಮೀ., ಒಮ್ಮೆ 20 ಸೆಂ.ಮೀ. ಆಳಕ್ಕೂ ನೆಟ್ಟು ನೋಡಿದ್ದೇನೆ. ಆಳವಾಗಿ ನೆಟ್ಟವು ತುಸು ಕಡಿಮೆ ಒಡೆದವು, ಎರಡನೆಯ ವರ್ಷ ಅಲ್ಲೊಂದು ಇಲ್ಲೊಂದು ಹೂವು ಬಂದಿತು. ಮೂರನೆಯ ವರ್ಷಕ್ಕೆ ಅವುಗಳದೂ ಅದೇ ಗತಿ. ಆಳ ನೆಡುವುದು ತಪ್ಪಲ್ಲ, ಆದರೆ ಅದು ಮದ್ದೂ ಅಲ್ಲ.

ಭತ್ತದ ಕಾಳಿನಷ್ಟಿರುವ ಹತ್ತಾರು ಮರಿಗಳಾಗಿ ಒಡೆಯುವುದು ಈ ಗಡ್ಡೆಯ ಸ್ವಭಾವ. ಮಾರಾಟದಲ್ಲಿ ಸಿಗುವ ಡ್ಯಾನ್‌ಫೋರ್ಡಿಯೆ ಪ್ರತಿ ವರ್ಣತಂತುವಿನ ಎರಡರ ಬದಲು ಮೂರು ಪ್ರತಿಗಳಿರುವ ಸಸ್ಯ. ಬೀಜ ಕಟ್ಟುವುದಿಲ್ಲ, ಸಂತಾನ ಬೆಳೆಯುವುದು ಆ ಮರಿಗಳಿಂದ ಮಾತ್ರ. 1876ರಲ್ಲಿ ತುರ್ಕಿಯ ಟಾರಸ್ ಪರ್ವತಗಳಲ್ಲಿ ಇದನ್ನು ಸಂಗ್ರಹಿಸಿದ ಡ್ಯಾನ್‌ಫೋರ್ಡ್ ಎಂಬ ಮಹಿಳೆಯ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಹೂವನ್ನು ಹತ್ತಿರದಿಂದ ನೋಡಿದರೆ ಮತ್ತೊಂದು ಸೋಜಿಗವಿದೆ: ಬೇರೆ ಐರಿಸ್‌ಗಳಲ್ಲಿ ನೆಟ್ಟಗೆ ನಿಲ್ಲುವ ಮೂರು ದಳಗಳು ಇದರಲ್ಲಿ ಬಿರುಗೂದಲಿನಷ್ಟು ಸಣ್ಣದಾಗಿ, ಇವೆಯೋ ಇಲ್ಲವೋ ಎಂಬಂತಿರುತ್ತವೆ. ಇದರ ಹಳದಿಗೆ ಮನಸೋತವರು ಪ್ರತಿ ವರ್ಷವೂ ಹೊಸ ಗಡ್ಡೆ ತರುವುದೇ ಮೇಲು. ಮರಿಗಳನ್ನು ಬೆಳೆಸುತ್ತೇನೆಂದು ಹಟ ಹಿಡಿದವರು ಮೂರು ನಾಲ್ಕು ವರ್ಷ ಗೊಬ್ಬರ ಹಾಕಿಕೊಂಡು ಕಾಯಬೇಕು, ಕಾದರೂ ಹೂವು ಖಚಿತವಲ್ಲ.

ನಿಮ್ಮ ‘ಹಾರ್ಮನಿ’ಯ ವಿಷಯ ಹಾಗಲ್ಲ. ಅದನ್ನು ಉಳಿಸಿಕೊಳ್ಳಬಹುದು. ಎಲೆ ಒಣಗಿದ ಮೇಲೆ ಒಮ್ಮೆ ಅಗೆದು, ಗಡ್ಡೆಗಳ ಸ್ಥಿತಿ ನೋಡಿ, ಇಲ್ಲಿ ಬರೆಯಿರಿ.

ಹೊಸಪಾತಿ (ಆರು ವಾರಗಳ ನಂತರ)

ಮೂವರಿಗೂ ಧನ್ಯವಾದಗಳು. ಹೇಳಿದಂತೆಯೇ ಎಲೆಗಳನ್ನು ಮುಟ್ಟದೆ, ಮೂರು ಬಾರಿ ಪೊಟ್ಯಾಷ್ ಗೊಬ್ಬರ ಕೊಟ್ಟು, ಎಲ್ಲವೂ ಒಣಗಿದ ಮೇಲೆ ಕಳೆದ ವಾರ ಪಾತಿಯನ್ನು ಅಗೆದೆ. ಕುಂಡಕ್ಕೆ ಬೇಸಿಗೆಯಲ್ಲಿ ನೀರು ಹಾಕಿರಲಿಲ್ಲವೆಂಬ ಊಹೆಯೂ ಸರಿ. ಅದನ್ನು ಗೋಡೆಯ ಮರೆಯಲ್ಲಿ ಇಟ್ಟು ಮರೆತುಬಿಟ್ಟಿದ್ದೆ, ಅಷ್ಟೆ.

‘ಹಾರ್ಮನಿ’ಯಲ್ಲಿ ಒಟ್ಟು ನಲವತ್ತಮೂರು ಗಡ್ಡೆಗಳು ಸಿಕ್ಕವು. ಹದಿನಾಲ್ಕು ದೊಡ್ಡವು, ಉಳಿದವು ಕಡಲೆಕಾಳಿನಿಂದ ಹಿಡಿದು ಅದರ ಎರಡರಷ್ಟಿರುವ ಮರಿಗಳು. ಹಳದಿ ಐರಿಸ್‌ನ ಜಾಗದಲ್ಲಿ ಸಿಕ್ಕಿದ್ದು ಹಳೆಯ ಮಾಲಿಯವರು ಹೇಳಿದ ಕಾಳುಗಳೇ. ಎಣಿಸುವ ಧೈರ್ಯ ಮಾಡಲಿಲ್ಲ. ಆದರೆ ‘ಹಾರ್ಮನಿ’ಯ ಐದು ಗಡ್ಡೆಗಳ ಹೊರಸಿಪ್ಪೆಯ ಮೇಲೆ ಶಾಯಿ ಚೆಲ್ಲಿದ ಹಾಗೆ ಕಪ್ಪು ಕಲೆಗಳಿವೆ. ಅವುಗಳಲ್ಲಿ ಒಂದನ್ನು ಒತ್ತಿದಾಗ ಒಳಗೆ ಗಡ್ಡೆಯೇ ಇಲ್ಲ, ಕಪ್ಪು ಪುಡಿ ಇದೆ. ಉಳಿದ ನಾಲ್ಕನ್ನು ಸಿಪ್ಪೆ ಸುಲಿದು ನೆಡಬಹುದೇ? ಮತ್ತೆ, ಹಳದಿಯ ಬದಲು ಪಾತಿಯಲ್ಲಿ ವರ್ಷ ವರ್ಷವೂ ನಿಲ್ಲುವಂತಹ ಬೇರೆ ಯಾವುದನ್ನು ನೆಡಲಿ?

ಹಳೆಯ ಮಾಲಿ

ಆ ಐದನ್ನೂ ಸುಟ್ಟುಬಿಡಿ ಅಥವಾ ಕಸದ ಜೊತೆ ಕಳಿಸಿಬಿಡಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ನೀವು ಕೊಟ್ಟ ಹೋಲಿಕೆಯೇ ಈ ರೋಗದ ಹೆಸರು: ಶಾಯಿ ರೋಗ. ಡ್ರೆಕ್ಸ್‌ಲೆರ ಐರಿಡಿಸ್ ಎಂಬ ಶಿಲೀಂಧ್ರದಿಂದ ಬರುತ್ತದೆ. ಮೊದಲು ಹೊರಸಿಪ್ಪೆಯ ಮೇಲೆ ಕಪ್ಪು ಮಚ್ಚೆ, ಆಮೇಲೆ ತಿರುಳಿನೊಳಗೆ ಕಪ್ಪು ಗೆರೆ, ಕೊನೆಗೆ ಬರೀ ಸಿಪ್ಪೆ ಮತ್ತು ಪುಡಿ. ಎಲೆಯ ಮೇಲೂ ಕಪ್ಪು ಪಟ್ಟೆಗಳು ಕಾಣಿಸಿಕೊಂಡು ಎಲೆ ಬೇಗ ಒಣಗುತ್ತದೆ. ಒದ್ದೆ ಮಣ್ಣಿನಲ್ಲಿ ಇದು ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಹಬ್ಬುತ್ತದೆ, ಆದ್ದರಿಂದ ಕಲೆ ಕಂಡ ಗಡ್ಡೆಯ ಮೇಲೆ ಕನಿಕರ ತೋರಿಸಿದರೆ ಉಳಿದ ಮೂವತ್ತೆಂಟನ್ನೂ ಕಳೆದುಕೊಳ್ಳುತ್ತೀರಿ. ಸಿಪ್ಪೆ ಸುಲಿದಾಗ ತಿರುಳು ಬೆಳ್ಳಗೆ ಕಂಡರೂ ಅದನ್ನು ನಂಬುವುದಕ್ಕಾಗದು. ಒಳ್ಳೆಯ ಗಡ್ಡೆಗಳನ್ನು ನೆರಳಿನಲ್ಲಿ, ಗಾಳಿಯಾಡುವ ಜಾಲರಿ ಚೀಲದಲ್ಲಿ ಒಣಗಿಸಿಟ್ಟು ಶರತ್ಕಾಲದಲ್ಲಿ ಹೊಸ ಜಾಗದಲ್ಲಿ, 5–8 ಸೆಂ.ಮೀ. ಅಂತರ ಬಿಟ್ಟು ನೆಡಿ. ಹಳೆಯ ಪಾತಿಗೆ ಕೆಲವು ವರ್ಷಗಳವರೆಗೆ ಗಡ್ಡೆ ಐರಿಸ್ ಬೇಡ.

ಮುಂದಿನ ವರ್ಷ ಎಲೆಗಳ ಮೇಲೆ ಇನ್ನೊಂದನ್ನೂ ಗಮನಿಸಿ. ಹೂವಿನ ಬಣ್ಣ ಅಲ್ಲಲ್ಲಿ ಒಡೆದಂತೆ ಕಾಣುವುದು, ಎಲೆಯಲ್ಲಿ ಉದ್ದಕ್ಕೆ ತಿಳಿಹಳದಿ ಗೆರೆಗಳು ಮೂಡುವುದು ವೈರಸ್‌ನ ಗುರುತು. ಗಿಡಹೇನುಗಳು ಅದನ್ನು ಹರಡುತ್ತವೆ, ಮದ್ದಿಲ್ಲ; ಕಂಡ ಗಿಡವನ್ನು ಕಿತ್ತುಹಾಕಬೇಕು.

ಇನ್ನು ನಿಲ್ಲುವ ಬಗೆಗಳು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಗಟ್ಟಿ ಐರಿಸ್ ಹಿಸ್ಟ್ರಿಯಾಯ್ಡಿಸ್ ಮತ್ತು ಅದರ ರಕ್ತ ಇರುವ ತಳಿಗಳು. ತುರ್ಕಿಯ ಉತ್ತರ ಭಾಗದ ಈ ಜಾತಿ ಬೇಸಿಗೆಯಲ್ಲಿ ತುಸು ತೇವವಿದ್ದರೂ ಸಹಿಸಿಕೊಳ್ಳುತ್ತದೆ. ‘ಜಾರ್ಜ್’ ಎಂಬ ಕಡುನೇರಳೆ ತಳಿ ನನ್ನಲ್ಲಿ ಒಂಬತ್ತು ವರ್ಷಗಳಿಂದ ಒಂದೇ ಕಡೆ ಇದೆ, ಮುಟ್ಟಿಲ್ಲ. ‘ಕ್ಯಾಥರಿನ್ ಹಾಜ್ಕಿನ್’ ಇನ್ನೊಂದು: ಇಂಗ್ಲೆಂಡಿನ ಇ. ಬಿ. ಆ್ಯಂಡರ್ಸನ್ ಬೆಳೆಸಿದ, ಸುಮಾರು 1960ರಿಂದ ತೋಟಗಳಿಗೆ ಗೊತ್ತಿರುವ ತಳಿ. ತಿಳಿನೀಲಿಯ ಮೇಲೆ ಹಸಿರು ಮಿಶ್ರಿತ ಹಳದಿಯ ಲೇಪ, ಅದರ ಮೇಲೆ ಕಡುನೀಲಿ ನರಗಳು; ಚಿತ್ರದಲ್ಲಿ ನೋಡಿದರೆ ಮಂಕಾಗಿ ಕಾಣುತ್ತದೆ, ತೋಟದಲ್ಲಿ ಮೋಡ ಕವಿದ ದಿನ ನೋಡಬೇಕು. ಹಿಸ್ಟ್ರಿಯಾಯ್ಡಿಸ್ ಅನ್ನು ವಿನೊಗ್ರಾಡೋವಿಯೈ ಎಂಬ ಇದೇ ಬಳಗದ ಇನ್ನೊಂದು ಜಾತಿಯೊಡನೆ ಕೂಡಿಸಿ ಪಡೆದದ್ದೆಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಇ. ಎ. ಬೌಲ್ಸ್ ಬೆಳೆಸಿದ ‘ಕ್ಯಾಂಟ್ಯಾಬ್’ ತಿಳಿನೀಲಿಗೆ ಸಾಟಿಯಿಲ್ಲ, ಆದರೆ ಅದು ‘ಜಾರ್ಜ್’ನಷ್ಟು ಗಟ್ಟಿಯಲ್ಲ. ಕೆನಡಾದ ಟೊರಾಂಟೊದಲ್ಲಿ ಅಲನ್ ಮ್ಯಾಕ್‌ಮರ್ಟ್ರಿ ಅವರು 1980ರ ದಶಕದಿಂದ ಈ ಬಳಗವನ್ನೇ ಹಿಡಿದು ತಳಿ ಬೆಳೆಸುತ್ತಾ ಬಂದಿದ್ದಾರೆ. ‘ಐ ಕ್ಯಾಚರ್’ನಂತಹ, ಬಿಳಿಯ ಮೇಲೆ ನೀಲಿ ಚಿತ್ತಾರದ ತಳಿಗಳು ಅವರವು.

ಗಡ್ಡೆಗಂಟು

ಒಂದು ಎಚ್ಚರಿಕೆ ಸೇರಿಸಬೇಕು. ‘ಕ್ಯಾಥರಿನ್ ಹಾಜ್ಕಿನ್’ ನೋಡಿ ಮರುಳಾದವರು ಮುಂದೆ ಅದರ ಮೂಲವಾದ ವಿನೊಗ್ರಾಡೋವಿಯೈಯನ್ನೇ ಹುಡುಕಿಕೊಂಡು ಹೋಗುವುದುಂಟು. ತಿಳಿಹಳದಿಯ ಈ ಜಾತಿ ಜಾರ್ಜಿಯಾ ದೇಶದ ಎತ್ತರದ ಹುಲ್ಲುಗಾವಲುಗಳದು. ಅಲ್ಲಿ ಬೇಸಿಗೆಯಲ್ಲೂ ಮಳೆಯುಂಟು. ಮರಳುಮಡಿಯವರು ಹೇಳಿದ ಒಣನಿದ್ರೆ ಇದಕ್ಕೆ ಸಲ್ಲದು, ಪೂರ್ತಿ ಒಣಗಿಸಿದರೆ ಸಾಯುತ್ತದೆ. ಒಂದು ಬಳಗದವೆಂದ ಮಾತ್ರಕ್ಕೆ ಎಲ್ಲವೂ ಒಂದೇ ಬೆಟ್ಟದವಲ್ಲ. ಹೆಸರುಪಟ್ಟಿಯಲ್ಲಿ ‘ಕುಳ್ಳ ಐರಿಸ್’ ಎಂದಷ್ಟೇ ಇದ್ದರೂ ಮೋಸಹೋಗಬೇಡಿ: ಐರಿಸ್ ಪ್ಯುಮಿಲದಂತಹ ಗಡ್ಡವಿರುವ (ಕೆಳದಳಗಳ ಮೇಲೆ ಗಡ್ಡದಂತಹ ಕೂದಲಿರುವ) ಕುಳ್ಳ ಐರಿಸ್‌ಗಳು ಗಡ್ಡೆಯಿಂದಲ್ಲ, ನೆಲದ ಮೇಲೆ ತೆವಳುವ ಬೇರುಕಾಂಡದಿಂದ ಬೆಳೆಯುವಂಥವು. ಅವನ್ನು 10 ಸೆಂ.ಮೀ. ಹೂತರೆ ಕೊಳೆಯುತ್ತವೆ.

ಮರಳುಮಡಿ

ಕುಂಡದ ಬಗ್ಗೆ ನನ್ನದೊಂದು ಮಾತು. ಶರತ್ಕಾಲದಲ್ಲಿ ನೆಟ್ಟ ಕುಂಡವನ್ನು ಬೆಚ್ಚಗಿನ ಕೋಣೆಗೆ ತರಬೇಡಿ. ಬೇರು ಬಿಟ್ಟ ಮೇಲೆ ಸುಮಾರು 12 ರಿಂದ 15 ವಾರಗಳ ಚಳಿ, 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಅದಕ್ಕೆ ಬೇಕೇ ಬೇಕು. ಚಳಿಗಾಲ ಬೆಚ್ಚಗಿರುವಲ್ಲಿ ಕೆಲವರು ಕುಂಡವನ್ನೇ ಫ್ರಿಜ್ಜಿನಲ್ಲಿಡುತ್ತಾರೆ. ಹಾಗೆ ಮಾಡುವುದಾದರೆ ಅದರಲ್ಲಿ ಹಣ್ಣುಗಳನ್ನು ಇಡಬಾರದು, ಮಾಗುವ ಹಣ್ಣು ಹೊರಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಮೊಗ್ಗು ತಲೆಯೆತ್ತಿದ ಮೇಲೆ ಒಳಗೆ ತಂದರೆ ಒಂದೆರಡು ದಿನಗಳಲ್ಲೇ ಅರಳುತ್ತದೆ, ಆದರೆ ಬಿಸಿಯಿದ್ದಷ್ಟೂ ಬೇಗ ಬಾಡುತ್ತದೆ. ತಣ್ಣನೆಯ ಕಿಟಕಿಯ ಬಳಿ ಇಟ್ಟು, ಒಮ್ಮೆ ಮೂಗಿನ ಹತ್ತಿರ ತನ್ನಿ. ರೆಟಿಕ್ಯುಲೇಟದ ನವಿರಾದ ಪರಿಮಳ ನೆಲದಲ್ಲಿ ನೆಟ್ಟಾಗ ಮಂಡಿಯೂರಿದವರಿಗೆ ಮಾತ್ರ ಸಿಗುವಂಥದ್ದು.

ಹೊಸಪಾತಿ

ಐದನ್ನೂ ಸುಟ್ಟೆ. ಎತ್ತರಿಸಿದ ಪಾತಿಗೆ ಜಲ್ಲಿ ಬೆರೆಸಿ ಇಟ್ಟಿದ್ದೇನೆ. ಮೂವತ್ತೆಂಟು ‘ಹಾರ್ಮನಿ’ ಮತ್ತು ಹನ್ನೆರಡು ‘ಜಾರ್ಜ್’ ಶರತ್ಕಾಲಕ್ಕೆ ಅಲ್ಲಿಗೆ ಹೋಗುತ್ತವೆ. ಹಳದಿಯನ್ನು ಹೊಸದಾಗಿ ತಂದು ಕುಂಡದಲ್ಲಿ ಮಾತ್ರ ನೆಡುತ್ತೇನೆ.

ಇನ್ನೊಂದು ಸಂಗತಿ. ‘ಜೆ. ಎಸ್. ಡೈಟ್’ ಕುಂಡದ ಒಣ ಎಲೆಗಳನ್ನು ಬಿಡಿಸುವಾಗ ಮಣ್ಣಿನ ಮಟ್ಟದಲ್ಲಿ, ಅರ್ಧ ಹೂತುಕೊಂಡಂತೆ, ಕಂದುಬಣ್ಣದ ಕಾಯಿಯೊಂದು ಸಿಕ್ಕಿತು. ಹೂವು ಅಷ್ಟು ಮೇಲೆ ಅರಳಿದ್ದು, ಕಾಯಿ ನೆಲದಲ್ಲಿರುವುದು ಹೇಗೆ?

ಗಡ್ಡೆಗಂಟು

ಈ ಬಳಗದಲ್ಲಿ ಅಂಡಾಶಯ ಹೂವಿನ ಬುಡದಲ್ಲಿ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದು ಮಣ್ಣಿನೊಳಗೇ ಇರುತ್ತದೆ. ನೀವು ತೊಟ್ಟು ಎಂದುಕೊಂಡದ್ದರ ಬಹುಭಾಗ ಹೂವಿನದೇ ಉದ್ದನೆಯ ಕೊಳವೆ. ಮೇಲೆ ಹಿಮ ಬಿದ್ದರೂ ಬೀಜಕ್ಕೆ ಬೆಚ್ಚಗಿನ ಮಣ್ಣಿನ ಆಸರೆ ಇರುತ್ತದೆ. ಬೀಜ ಬಲಿತ ಮೇಲೆ ಕಾಯಿ ನೆಲಮಟ್ಟಕ್ಕೆ ಬಂದು ಒಡೆಯುತ್ತದೆ, ಎಲೆ ಕತ್ತರಿಸುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಜಲ್ಲಿ ಬೆರೆಸಿದ ಮಣ್ಣಿನಲ್ಲಿ ಶರತ್ಕಾಲಕ್ಕೆ ಬಿತ್ತಿ, ಚಳಿ ತಾಗುವಂತೆ ಹೊರಗಿಡಿ. ಮೊಳಕೆ ಆ ವಸಂತದಲ್ಲಿ ಬರಬಹುದು, ಕೆಲವು ಮರುವರ್ಷ. ಹೂವಿಗೆ ಮೂರರಿಂದ ಐದು ವರ್ಷ ಬೇಕು, ಬಣ್ಣವೂ ತಾಯಿಯದೇ ಆಗಿರಬೇಕೆಂದಿಲ್ಲ. ಕಾಯಿಯಲ್ಲಿ ಎಷ್ಟು ಬೀಜಗಳಿವೆ?

ಹೊಸಪಾತಿ

ಹನ್ನೊಂದು.